ಹಾಸಿಗೆಯ ಮೇಲೆ ಹೊರಿಸಿದ ತಪ್ಪು

ಆ ಹಾಸಿಗೆ ಅಂಗಡಿಗೆ ಮೊದಲ ಸಲ ಕಾಲಿಟ್ಟವರೆಲ್ಲ ಅವಳನ್ನು ತಪ್ಪಾಗಿಯೇ ತಿಳಿಯುತ್ತಾರೆ. ಈ ಸಾಲು ಬರೆಯುತ್ತಿರುವವನೂ ಆ ಗುಂಪಿನವನೇ. ನಡುಮಧ್ಯಾಹ್ನ, ಗಾಜಿನ ಬಾಗಿಲಿನೊಳಗೆ ಸಾಲು ಮಂಚಗಳು. ಅವುಗಳಲ್ಲೊಂದರ ಮೇಲೆ, ಕೊರಳಲ್ಲಿ ಅಂಗಡಿಯ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ಎಡಮಗ್ಗುಲಾಗಿ ಮಂಡಿ ಮಡಿಸಿ, ಕಣ್ಣು ಮುಚ್ಚಿ ಮಲಗಿದ್ದಳು. ಪರವಾಗಿಲ್ಲವೇ, ಸಂಬಳ ಕೊಟ್ಟು ಮಲಗಿಸುವ ಅಂಗಡಿಯೂ ಉಂಟು ಎಂದು ಹೊಟ್ಟೆ ಉರಿದುಕೊಂಡು, ಸದ್ದಾಗದಂತೆ ಹಿಂದೆ ಸರಿಯುವಷ್ಟರಲ್ಲಿ ಆಕೆ ಕಣ್ಣು ಬಿಡದೆಯೇ ಕೇಳಿದಳು: "ಬನ್ನಿ ಸಾರ್. ಬೆನ್ನು ನೋವು ನಿಮಗಾ, ಮನೆಯವರಿಗಾ?"

ಅದು ಸೋಮಾರಿತನವಲ್ಲ, ಉದ್ಯೋಗ ಎಂದು ತಿಳಿದದ್ದು ಆಮೇಲೆ. ಗಿರಾಕಿಗಳಿಗೆ ಅಂಗಡಿಯಲ್ಲಿ ಎಲ್ಲರೆದುರು ಮಲಗಿ ನೋಡಲು ನಾಚಿಕೆ. ಅವರ ಪರವಾಗಿ ಇವಳು ಮಲಗಬೇಕು, ಹೊರಳಬೇಕು, "ನೋಡಿ, ಸೊಂಟ ಎಲ್ಲಿ ನಿಲ್ತು" ಎಂದು ತೋರಿಸಬೇಕು. ಸಹೋದ್ಯೋಗಿಗಳು ಅವಳಿಗಿಟ್ಟ ಹೆಸರು ನಿದ್ದೆ ಮೇಡಂ. ಹೆಸರಿಗೆ ತಕ್ಕಂತೆ ಅವಳಿಗೆ ದಿನವಿಡೀ ಇಲ್ಲದ ಒಂದೇ ವಸ್ತುವೆಂದರೆ ನಿದ್ದೆ.

ಅಂಗಡಿಯ ಮಾಲೀಕರ ವಿಸಿಟಿಂಗ್ ಕಾರ್ಡಿನಲ್ಲಿ ‘ನಿದ್ರಾ ತಜ್ಞ’ ಎಂದಿತ್ತು. ಯಾವುದೋ ಹೋಟೆಲಿನ ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಕುಳಿತು, ಊಟದ ನಂತರದ ಉಪನ್ಯಾಸದಲ್ಲಿ ತೂಕಡಿಸಿ ಎದ್ದು ಪಡೆದ ಪದವಿ ಅದು. ಅವರ ಸಿದ್ಧಾಂತದ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆಗಳೆಲ್ಲ ಹಾಸಿಗೆಯಿಂದ ಬರುತ್ತವೆ, ಹಾಸಿಗೆಯಿಂದಲೇ ಹೋಗುತ್ತವೆ. ಬರುವುದು ಎದುರಿನ ಅಂಗಡಿಯ ಹಾಸಿಗೆಯಿಂದ, ಹೋಗುವುದು ಇವರದರಿಂದ.

ಅಲ್ಲೊಂದು ಪದ್ಧತಿಯಿತ್ತು. ಹೊಸ ಮಾದರಿಯ ಹಾಸಿಗೆ ಬಂದರೆ ಮೊದಲು ಸಿಬ್ಬಂದಿಯಲ್ಲೊಬ್ಬರು ಅದನ್ನು ಮನೆಗೊಯ್ದು ಕೆಲವು ತಿಂಗಳು ಮಲಗಿ, ಅದರ ಗುಣಾವಗುಣಗಳನ್ನು ಸ್ವಂತ ಬೆನ್ನಿನಿಂದ ಅರಿತು ಬರಬೇಕು. ‘ಮಲಗದೆ ಮಾರೆವು’ ಎಂದು ಮಾಲೀಕರು ಗೋಡೆಗೆ ಚೌಕಟ್ಟು ಹಾಕಿಸಿದ್ದರು. ವಾಪಸು ಬಂದ ಹಾಸಿಗೆಯನ್ನು ಅವರೇ ಖುದ್ದಾಗಿ ಟಾರ್ಚು ಹಿಡಿದು ಪರೀಕ್ಷಿಸುತ್ತಿದ್ದರು. ಸೋಮವಾರದ ಸಭೆಯಲ್ಲಿ ಮಲಗಿದವರು ಎದ್ದು ನಿಂತು ಅನುಭವ ಹೇಳಬೇಕು, ಮಾಲೀಕರು ಬರೆದುಕೊಳ್ಳುತ್ತಾರೆ. ಈ ಗೌರವ ಸಾಮಾನ್ಯವಾಗಿ ನಿದ್ದೆ ಮೇಡಂ ಪಾಲಿಗೇ ಬರುತ್ತಿತ್ತು. ಅವಳ ಮನೆ ನೆಲಮಹಡಿಯಲ್ಲಿತ್ತು, ಹಾಸಿಗೆ ಹೊರುವವರಿಗೆ ಮೆಟ್ಟಿಲು ಹತ್ತುವ ಕಷ್ಟವಿರಲಿಲ್ಲ. ದೊಡ್ಡ ದೊಡ್ಡ ಹುದ್ದೆಗಳಿಗೂ ಜನ ಇಂಥ ಅರ್ಹತೆಯಿಂದಲೇ ಏರುವುದಲ್ಲವೇ.

ಆ ಸಲ ಬಂದ ಮಾದರಿಯ ಹೆಸರು ‘ಮೇರುದಂಡ’. ಹೆಸರೇ ಹೇಳುವಂತೆ ಗಟ್ಟಿ. ಮೇಲೆ ಕೂತರೆ ಹಾಸಿಗೆ ಬಗ್ಗುತ್ತಿರಲಿಲ್ಲ, ಕೂತವರು ಬಗ್ಗಬೇಕಿತ್ತು.

ಅವಳ ಗಂಡ ಕಾರು ಕಲಿಸುವ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಬುಡದಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವನು. ಟೀವಿಯಲ್ಲಿ ಯಾರಾದರೂ ಗಾಡಿ ಜೋರಾಗಿ ಓಡಿಸಿದರೂ ಸೋಫಾದಲ್ಲಿ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಜಗತ್ತಿನ ಎಲ್ಲ ತೊಂದರೆಗೂ ಮೂರೇ ಕಾರಣ ಎಂಬುದು ಅವನ ಪಾಠ: ಗಾಡಿ, ಡ್ರೈವರು, ರಸ್ತೆ.

ಮಗಳು ಈಜು ಕಲಿಯಲು ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ, ಗಂಡಹೆಂಡಿರಿಗೆ ಮನೆ ಪೂರ್ತಿ ಸಿಕ್ಕಿದ ಅಪರೂಪದ ಹೊತ್ತಿನಲ್ಲಿ, ಸುಖವೆಲ್ಲ ಮುಗಿದು ಅವಳು ಎದ್ದು ಕೂದಲು ಕಟ್ಟಿಕೊಳ್ಳುವಾಗ ಬಿಳಿ ಹೊದಿಕೆಯ ಮೇಲೆ ಹೆಬ್ಬೆರಳು ಒತ್ತಿದಷ್ಟು ಕೆಂಪು ಕಂಡಿತು. ಮುಟ್ಟಿನ ದಿನಗಳು ಇನ್ನೂ ದೂರವಿದ್ದವು.

"ರೀ, ರಕ್ತ."

"ಯಾರದ್ದು?"

"ಇಲ್ಲಿರೋದು ನಾವಿಬ್ರೇ."

ಮೇಷ್ಟ್ರು ಮೈಯೆಲ್ಲ ಒಮ್ಮೆ ತಡವಿಕೊಂಡ. "ನಂದಲ್ಲ" ಎಂದ, ಅಪಘಾತದ ಜಾಗದಲ್ಲಿ ಪೊಲೀಸರ ಮುಂದೆ ನಿಂತವನ ದನಿಯಲ್ಲಿ. ಆಮೇಲೆ ಮೆತ್ತಗೆ ಕೇಳಿದ: "ನೋವಾಯ್ತೇನೆ?"

"ಇಲ್ಲ."

"ಹಂಗಾದ್ರೆ ನಾನೇ ಸ್ವಲ್ಪ... ಜೋರಾಗಿ..." ಪಶ್ಚಾತ್ತಾಪದ ಮುಖದ ಹಿಂದಿನಿಂದ ಒಂದು ಹೆಮ್ಮೆಯೂ ಇಣುಕಿ ನೋಡುತ್ತಿತ್ತು.

"ಅಷ್ಟೆಲ್ಲ ಏನಿಲ್ಲ, ಸುಮ್ನಿರಿ" ಎಂದು ಅವಳು ಆ ಹೆಮ್ಮೆಯನ್ನು ಮೊಳಕೆಯಲ್ಲೇ ಚಿವುಟಿದಳು.

ಚಹಾ ಕುಡಿಯುತ್ತ ತನಿಖೆ ಶುರುವಾಯಿತು. ಮನೆಗೆ ಇತ್ತೀಚೆಗೆ ಹೊಸದಾಗಿ ಬಂದದ್ದೇನು? ಪರದೆ ಹೊಸದು, ಸೋಪು ಹೊಸದು, ಸ್ನಾನದ ಮನೆಯ ಬಲ್ಬು ಹೊಸದು. ಒಂದೇ ಮಗಳು ಸಾಕೆಂದು ಇಬ್ಬರೂ ಒಪ್ಪಿ, ವರ್ಷದ ಮೊದಲಿಗೆ ಅವಳು ನುಂಗಲು ತೊಡಗಿದ್ದ ಗರ್ಭನಿರೋಧಕ ಮಾತ್ರೆ, ಆ ಹೊಸ ಬಲ್ಬಿನ ಕೆಳಗೇ, ಬ್ರಷ್ಷುಗಳ ಪಕ್ಕದಲ್ಲೇ ಹೊಳೆಯುತ್ತಿತ್ತು. ಇಬ್ಬರೂ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನೇ ನೋಡುತ್ತಿದ್ದುದರಿಂದ ಅದು ಇಬ್ಬರ ಕಣ್ಣಿಗೂ ಬೀಳಲಿಲ್ಲ.

"ನೋಡು" ಎಂದ ಮೇಷ್ಟ್ರು, ಬಿಸ್ಕತ್ತನ್ನು ಸ್ಟಿಯರಿಂಗಿನಂತೆ ಹಿಡಿದು. "ಗಾಡಿ ಸರಿಯಾಗಿದೆ. ಡ್ರೈವರ್‌ಗೆ ಇಷ್ಟು ವರ್ಷದ ಅನುಭವ. ಉಳಿದಿದ್ದೇನು? ರಸ್ತೆ!"

"ನಂಗೆ ಗಾಡಿ ಅಂದ್ರೆ ನೋಡಿ ಮತ್ತೆ."

"ಮಾತಿಗೆ ಹೇಳಿದೆ ಕಣೆ. ಹಾಸಿಗೆ! ಆ ಹಾಸಿಗೆ ಬಂದ ಮೇಲೇ ಇದಾಗಿದ್ದು."

ಬೇರೆ ಯಾರ ಮನೆಯಲ್ಲಾದರೂ ಹೆಂಡತಿ ಇಲ್ಲಿ ನಕ್ಕುಬಿಡುತ್ತಿದ್ದಳು. ಆದರೆ ಗಟ್ಟಿ ಹಾಸಿಗೆ ಮೈಯ ಭಾರವನ್ನು ವಾಪಸು ಮೈಗೇ ತಳ್ಳುತ್ತದೆ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಇವಳ ನಾಲಿಗೆ ಸವೆದಿತ್ತು. ಸ್ವಂತ ಮಾತನ್ನೇ ನಂಬುವುದು ಮಾರುವವರಿಗೆ ಬರುವ ದೊಡ್ಡ ಕಾಯಿಲೆ. ಅವಳು ತಲೆಯಾಡಿಸಿದಳು. ಹಾಸಿಗೆಯೇ ಇರಬೇಕು.

ಮೇರುದಂಡವನ್ನು ಗೋಡೆಗೆ ಒರಗಿಸಿ, ಹಳೆಯ ಮೆತ್ತನೆಯ ಹಾಸಿಗೆಯನ್ನು ಹೊರಗೆಳೆದರು. ಮುಂದಿನ ಅವಕಾಶದಲ್ಲಿ ಮತ್ತೆ ರಕ್ತ. ಇದು ತೀರಾ ಮೆತ್ತಗಾಯಿತು, ಗುಂಡಿ ಬಿದ್ದ ರಸ್ತೆಯಂತೆ ಎಂದ ಮೇಷ್ಟ್ರು. ಮೆತ್ತನೆಯದರ ಮೇಲೆ ಗಟ್ಟಿಯದನ್ನು ಹಾಕಿದರು. ಮಂಚ ಈಗ ರೈಲಿನ ಮೇಲಿನ ಬರ್ತಿನಷ್ಟು ಎತ್ತರವಾಯಿತು. ಕುರ್ಚಿ ಇಟ್ಟು ಹತ್ತಬೇಕು, ಇಳಿಯುವಾಗ ಕಾಲಿಗೆ ನೆಲ ಹುಡುಕಬೇಕು. ಅಷ್ಟು ಸಾಹಸ ಮಾಡಿ ಹತ್ತಿದವರಿಗೆ ಪ್ರೀತಿಯ ನೆನಪು ಉಳಿದದ್ದೇ ದೊಡ್ಡದು. ಆ ಸಲ ರಕ್ತ ಹೊದಿಕೆಯನ್ನು ದಾಟಿ ಮೇರುದಂಡದ ಹೊಚ್ಚ ಹೊಸ ಬಟ್ಟೆಗೂ ಇಳಿಯಿತು. ತಣ್ಣೀರು ಹಾಕಿ ಎಷ್ಟು ಉಜ್ಜಿದರೂ ಕಂದು ಬಣ್ಣದ ಒಂದು ಉಂಗುರ ಉಳಿದೇ ಹೋಯಿತು.

ಮೇಷ್ಟ್ರು ಆಮೇಲೆ ಹತ್ತಿರ ಬರುವುದನ್ನೇ ಬಿಟ್ಟ. ಪಾಪ, ಅವನಿಗೆ ಗೊತ್ತಿದ್ದದ್ದು ಒಂದೇ ಪರಿಹಾರ: ಬ್ರೇಕು.

ಅವಳು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎಲ್ಲ ಕೇಳಿಸಿಕೊಂಡಳು.

"ಚಿಕ್ಕಮ್ಮಂಗೂ ಹಿಂಗೇ ಅಲ್ವೇನೆ ಆಗ್ತಿದ್ದಿದ್ದು?"

ಅವಳಿಗೆ ಅದು ನೆನಪಾಗದೆ ಇರಲಿಲ್ಲ. ನೆನಪಾಗಬಾರದೆಂದೇ ಇಷ್ಟು ದಿನ ಹಾಸಿಗೆ ಹೊತ್ತದ್ದು. ಚಿಕ್ಕಮ್ಮ "ಉಷ್ಣ ಕಣೆ, ಬರುತ್ತೆ, ಹೋಗುತ್ತೆ" ಎನ್ನುತ್ತಲೇ ಇದ್ದಳು. ಕೊನೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಚಿಕ್ಕಮ್ಮನ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು.

"ಡಾಕ್ಟರ್ ಹತ್ರ ಹೋಗು" ಎಂದಳು ಅಕ್ಕ. "ಅದಕ್ಕೂ ಮೊದಲು ಆ ಹಾಳು ಮಾತ್ರೆ ಬಿಸಾಕು."

ಎರಡು ಬುದ್ಧಿಮಾತು ಸಿಕ್ಕರೆ ಮನುಷ್ಯರು ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ಅವಳು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಳು, ಡಾಕ್ಟರನ್ನು ಪೂರ್ತಿ ಬಿಟ್ಟಳು. ಕೆಲವೇ ದಿನಗಳಲ್ಲಿ, ಅಂಗಡಿಯಲ್ಲಿ ಗಿರಾಕಿ ದಂಪತಿಗೆ ಬೆನ್ನು ತಿರುಗಿಸಿ ಮಲಗಿ ತೋರಿಸುತ್ತಿರುವಾಗಲೇ ಮುಟ್ಟಿನಂತೆ ರಕ್ತ ಹರಿಯಿತು. "ಈಗ ಎದ್ದೇಳೋದು ಎಷ್ಟು ಸುಲಭ ನೋಡಿ" ಎನ್ನುತ್ತ ಆ ಹಾಸಿಗೆಯ ಮೇಲಿಂದ ಅವಳು ಎದ್ದ ವೇಗಕ್ಕೆ ದಂಪತಿ ಮರುಮಾತಾಡದೆ ಅದನ್ನೇ ಕೊಂಡರು. ಅವಳು ಸ್ಟೋರ್ ರೂಮಿನಲ್ಲಿ ದಿಂಬುಗಳ ರಾಶಿಯ ಹಿಂದೆ ಕೂತು ಅತ್ತಳು. ಸಾಯುವುದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಒಂದು ಚಿತ್ರ: ಈಜಿನ ಚೀಲ ಹಿಡಿದು, ಒದ್ದೆ ಕೂದಲಲ್ಲಿ, ಕರೆದೊಯ್ಯಲು ಯಾರೂ ಬಾರದೆ ನಿಂತ ಮಗಳು.

ಮನೆಯಲ್ಲಿ ಮೇರುದಂಡದ ಅವಧಿ ಮುಗಿಯಿತು. ಹಾಸಿಗೆ ಅಂಗಡಿಗೆ ಮರಳಿತು. ಮಾಲೀಕರು ಅಂಗಿಯ ತೋಳು ಮಡಚಿ, ಟಾರ್ಚು ಹಿಡಿದು ಅದರ ಮೇಲೆ ಬಗ್ಗಿದರು. ಟಾರ್ಚು ನಿಂತಿತು.

"ಇದೇನಮ್ಮ?"

"ಚಹಾ ಸಾರ್."

"ಚಹಾ ಈ ಬಣ್ಣಕ್ಕೆ ತಿರುಗಲ್ಲ. ರಕ್ತ ಇದು."

"ನಮ್ಮನೆಯವರ ಕಾಲ್ಬೆರಳು ಸಾರ್. ಉಗುರು ಕಿತ್ತಿತ್ತು."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಂಥ ಕೆಟ್ಟ ಮಾತೆಂದು ತಿಳಿಯಿತು. ಮಾಲೀಕರ ಮುಖ ಬಿಳಿಚಿಕೊಂಡಿತು. ಮಲಗಿದ ಮನುಷ್ಯನ ಉಗುರು ಕೀಳುವ ಹಾಸಿಗೆ! ಗೋದಾಮಿನ ತುಂಬ ಮೇರುದಂಡಗಳೇ ಇದ್ದವು.

"ಸ್ಪ್ರಿಂಗು" ಎಂದು ಪಿಸುಗುಟ್ಟಿದರು. "ಸ್ಪ್ರಿಂಗು ಹೊರಗೆ ಬಂದಿದೆ. ಯಾರೂ ಮುಟ್ಟಬೇಡಿ! ಮೇಷ್ಟ್ರನ್ನ ಕರೆಸಿ!"

ಹೆಂಡತಿ ಮೂಲೆಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟಿದ ಅವಸರದ ಮಾತನ್ನು ಅರ್ಧಂಬರ್ಧ ತಿಳಿದುಕೊಂಡು ಮೇಷ್ಟ್ರು ಬಂದ. ಕಾರು ಕಲಿಯುತ್ತಿದ್ದ ಹೆಂಗಸೊಬ್ಬರನ್ನು ಅಂಗಡಿಯೆದುರು ಕಾರಿನಲ್ಲೇ ಕೂರಿಸಿ, ಕಾರಿನ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಮಹಾಯುದ್ಧದಿಂದ ಮರಳಿದವನಂತೆ ಕುಂಟುತ್ತ ಒಳಗೆ ಬಂದ.

ಹಾಸಿಗೆ ಹೊರುವ ಆಳು, ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದವನು, ತಲೆ ವಾಲಿಸಿ ನೋಡಿದ. "ಮೇಷ್ಟ್ರೇ, ಬ್ಯಾಂಡೇಜಿರೋದು ಎಡಗಾಲಲ್ಲಿ. ಕುಂಟ್ತಿರೋದು ಬಲಗಾಲು."

"ನೋವು ಹಬ್ಬಿದೆ" ಎಂದ ಮೇಷ್ಟ್ರು, ಗಂಭೀರವಾಗಿ.

ಮಾಲೀಕರಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ದೊಡ್ಡ ಕತ್ತರಿ ತರಿಸಿದರು. ಇಡೀ ಸಿಬ್ಬಂದಿ ಸುತ್ತ ನಿಂತಿತು. ನಿದ್ರಾ ತಜ್ಞರು ಮೇರುದಂಡದ ಹೊಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದರು. ಬಟ್ಟೆ ಸರಿಸಿದರು, ಫೋಮು ಕಿತ್ತರು, ನಾರು ಎಳೆದರು. ಸ್ಪ್ರಿಂಗುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ, ಟಾರ್ಚು ಬಿಟ್ಟು, ಕಿವಿಯಿಟ್ಟು ಆಲಿಸಿದರು. ಎಲ್ಲ ಸ್ಪ್ರಿಂಗುಗಳೂ ಮಾನವಂತರಂತೆ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

"ಒಳಗೆಲ್ಲೋ ಅಡಗಿದೆ" ಎಂದರು ಮಾಲೀಕರು, ಮೂಗಿನ ತುದಿಯಲ್ಲಿ ನಾರು ಅಂಟಿಸಿಕೊಂಡು. "ಪೂರ್ತಿ ಬಿಚ್ಚಿ. ಕಾರಣ ಸಿಗೋವರೆಗೂ ಬಿಡೋದು ಬೇಡ."

ನಿದ್ದೆ ಮೇಡಂ ನಿಂತು ನೋಡುತ್ತಿದ್ದಳು. ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಒಂದು ಹಾಸಿಗೆಗೆ ಏನೋ ಆಗಿದೆಯೆಂದು ಅಂಗಡಿಯ ಅಷ್ಟೂ ಜನ ಕೆಲಸ ಬಿಟ್ಟು ನಿಂತಿದ್ದಾರೆ. ಟಾರ್ಚು ಬಂದಿದೆ, ಕತ್ತರಿ ಬಂದಿದೆ, ಸಾಕ್ಷಿ ಕುಂಟಿಕೊಂಡು ಬಂದಿದ್ದಾನೆ. ಹಾಸಿಗೆಗೆ ಇಷ್ಟು ತಪಾಸಣೆ. ರಕ್ತ ಬಂದದ್ದು ಮಾತ್ರ ಹಾಸಿಗೆಯಿಂದಲ್ಲ. ತಿಂಗಳುಗಟ್ಟಲೆ ತಾನೂ ಗಂಡನೂ ಮನೆಯಲ್ಲಿ ಮಾಡಿದ್ದು ಇದನ್ನೇ, ಕತ್ತರಿಯೊಂದು ಇರಲಿಲ್ಲ ಅಷ್ಟೆ.

"ಸಾರ್, ನಂಗೆ ಅರ್ಧ ದಿನ ರಜೆ ಬೇಕು."

"ಈಗಲಾ? ಇಂಥ ಸಮಯದಲ್ಲಾ? ಏನಕ್ಕಮ್ಮ?"

"ನನ್ನೂ ಯಾರಾದ್ರೂ ಟಾರ್ಚ್ ಹಾಕಿ ನೋಡ್ಬೇಕು" ಎಂದು ಹೇಳಿ, ಚೀಲ ತೆಗೆದುಕೊಂಡು ಅವಳು ಹೊರಟಳು. ಮೇಷ್ಟ್ರು ಕುಂಟುವುದನ್ನು ಮರೆತು ಹಿಂದೆಯೇ ಓಡಿದ. ಆಸ್ಪತ್ರೆಯವರೆಗೆ ಕಾರು ಓಡಿಸಿದ್ದು ಆ ಕಲಿಯುವ ಹೆಂಗಸೇ. ಮೇಷ್ಟ್ರಿಗೆ ಅವರನ್ನು ಇಳಿಸಬೇಕೆಂಬುದು ಹೊಳೆಯಲಿಲ್ಲ. ದಾರಿಯುದ್ದಕ್ಕೂ ಅವನು ಒಮ್ಮೆಯೂ ಬ್ರೇಕು ಒತ್ತಲಿಲ್ಲವೆಂದು ಅವರು ಆಮೇಲೆ ಎಲ್ಲರೆದುರು ಹೇಳಿಕೊಂಡರು, ತಮ್ಮ ಡ್ರೈವಿಂಗ್ ಅಷ್ಟು ಸುಧಾರಿಸಿದೆ ಎಂಬ ಅರ್ಥದಲ್ಲಿ.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಯಾವಾಗಿನಿಂದ, ಎಷ್ಟು, ನೋವಿದೆಯೇ, ಯಾವ ಮಾತ್ರೆ, ತಪ್ಪದೆ ತಗೊಳ್ಳುತ್ತೀರಾ ಎಂದು ಕೇಳುತ್ತ ಬರೆದುಕೊಂಡರು.

"ಶುರುವಾಗಿ ಇಷ್ಟು ತಿಂಗಳಾಯ್ತು. ಅಲ್ಲೀವರೆಗೆ ಏನ್ ಮಾಡ್ತಿದ್ರಿ?"

"ಹಾಸಿಗೆ ಬದಲಾಯಿಸ್ತಿದ್ವಿ."

ಡಾಕ್ಟರಮ್ಮ ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, ಮತ್ತೆ ಹಾಕಿಕೊಂಡು, ಅವಳನ್ನು ಪರದೆಯ ಆಚೆಗೆ ಕರೆದೊಯ್ದರು. ಬದುಕಿನಲ್ಲಿ ಮೊದಲ ಸಲ ನಿದ್ದೆ ಮೇಡಂ ತಾನು ಮಲಗಿದ ಹಾಸಿಗೆ ಗಟ್ಟಿಯೋ ಮೆತ್ತಗೋ ಎಂದು ಗಮನಿಸಲಿಲ್ಲ. ದೀಪ ಹತ್ತಿತು. ತುಸು ಇರಿಸುಮುರಿಸು, ತುಸು ತಣ್ಣಗಿನ ಲೋಹ. ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಇದಕ್ಕಿಂತ ಹೆಚ್ಚಿನ ಕಷ್ಟ ಮಂಚದಿಂದ ಕುರ್ಚಿಗೆ ಇಳಿಯುವಾಗ ಆಗುತ್ತಿತ್ತು.

"ಗರ್ಭಕೋಶದ ಬಾಯಿ ಒಳಗಡೆ ಒಂದು ಮೆತ್ತನೆ ಪದರ ಇರುತ್ತೆ. ನಿಮಗೆ ಅದು ಸ್ವಲ್ಪ ಹೊರಕ್ಕೆ ಬಂದಿದೆ. ಈ ಹಾರ್ಮೋನ್ ಮಾತ್ರೆ ತಗೊಳ್ಳೋರಲ್ಲಿ ಇದು ಕಾಣೋದೇ. ತಾಗಿದ್ರೆ ರಕ್ತ ಒಸರುತ್ತೆ. ಅದು ಕ್ಯಾನ್ಸರ್ ಅಲ್ಲ. ಆದ್ರೂ ಬರೀ ಕಣ್ಣಲ್ಲಿ ನೋಡಿ ಹೇಳಿ ಕಳಿಸಲ್ಲ ನಾನು. ಅಲ್ಲಿನ ಜೀವಕೋಶ ತೆಗೆದಿದ್ದೀನಿ, ಸೋಂಕಿಗೂ ಪರೀಕ್ಷೆ ಆಗ್ಲಿ. ರಿಪೋರ್ಟ್ ಬರಲಿ."

"ಮೊನ್ನೆ ಅಂಗಡಿಯಲ್ಲಿ ಅಷ್ಟೊಂದು ಹೋಯ್ತಲ್ಲ ಮೇಡಂ?"

"ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಅದಕ್ಕೆ. ನಿಲ್ಲಿಸೋ ಮೊದಲು ಕೇಳ್ಬೇಕು. ಈಗ ನಡುವೆ ಬಿಟ್ಟಿರೋದ್ರಿಂದ ಮತ್ತೆ ಸರಿಯಾಗಿ ಶುರು ಮಾಡೋವರೆಗೆ ಕಾಂಡೋಮ್ ಬಳಸಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡ. "ಅಂದ್ರೆ ಮೇಡಂ, ಡ್ರೈವರ್ ತಪ್ಪೇನಿಲ್ಲ?"

ಡಾಕ್ಟರಮ್ಮನಿಗೆ ಇದು ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು, ಮೇಜಿನಡಿಯಲ್ಲಿ ಅವನ ಬ್ಯಾಂಡೇಜಿನ ಕಾಲನ್ನು ತುಳಿದಳು. ನಿಜವಾಗಿ ನೋವಾದದ್ದು ಆಗಲೇ.

ವರದಿಗಾಗಿ ಕಾಯುವ ದಿನಗಳು ಉದ್ದವಾಗಿದ್ದವು. ಅಂಗಡಿಯಲ್ಲಿ ಮಲಗಿ ಕಣ್ಣು ಮುಚ್ಚಿದರೆ ಚಿಕ್ಕಮ್ಮ ಬರುತ್ತಿದ್ದಳು, ಹಾಗಾಗಿ ಕಣ್ಣು ಬಿಟ್ಟೇ ಮಲಗುತ್ತಿದ್ದಳು. ಸೂರು ನೋಡುತ್ತ ಬಿದ್ದುಕೊಂಡ ಮಾರಾಟಗಾರ್ತಿಯಿಂದ ಹಾಸಿಗೆ ಕೊಳ್ಳಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಮನೆಯಲ್ಲಿ ಮೇಷ್ಟ್ರು ಮಗಳನ್ನು ಈಜಿಗೆ ಕರೆದೊಯ್ಯುವುದು, ಕರೆತರುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ಸದ್ದಿಲ್ಲದೆ ಮಾಡಿದ. ಪಾತ್ರೆ ತೊಳೆಯುವಾಗಲೂ ಬಲಗಾಲು ನೆಲ ಒತ್ತುತ್ತಿತ್ತು.

ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಸೋಂಕಿಲ್ಲ, ಜೀವಕೋಶಗಳೂ ಸರಿಯಾಗಿವೆ" ಎಂದರು ಡಾಕ್ಟರಮ್ಮ. "ಬೇರೆ ಮಾತ್ರೆ ಬರೆದುಕೊಡ್ತೀನಿ, ಸ್ವಲ್ಪ ದಿನ ನೋಡೋಣ. ರಕ್ತ ಬರ್ತಾನೇ ಇದ್ರೆ ಅದಕ್ಕೂ ದಾರಿ ಇದೆ. ಈ ಪರೀಕ್ಷೆನ ಆಗಾಗ ಮಾಡಿಸ್ಕೊಳ್ತಿರಿ. ಮತ್ತೆ ಏನಾದ್ರೂ ಆದ್ರೆ ಮೊದಲು ಇಲ್ಲಿಗೆ ಬನ್ನಿ. ಆಮೇಲೆ ಬೇಕಾದ್ರೆ ಹಾಸಿಗೆ ಅಂಗಡಿಗೆ."

ಅವಳು ಅಕ್ಕನಿಗೆ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ನಾನು ಮೊದಲೇ ಹೇಳಿರ್ಲಿಲ್ವಾ, ಏನೂ ಇಲ್ಲ ಅಂತ" ಎಂದಳು. ಹೇಳಿರಲಿಲ್ಲ.

ಸೋಮವಾರದ ಸಭೆ. ಮಂಚಗಳ ನಡುವೆ ಕುರ್ಚಿ ಹಾಕಿ ಸಿಬ್ಬಂದಿ ಕೂತಿತ್ತು. ಮಾಲೀಕರ ಮುಂದೆ, ಕಂಪನಿಗೆ ಕಳಿಸಲು ತಯಾರಾದ ಖಡಕ್ ದೂರು. ಪಕ್ಕದ ಗೋಣಿಚೀಲದಲ್ಲಿ ಮೇರುದಂಡದ ಅಸ್ಥಿಪಂಜರ. ಗ್ರಾಹಕರ ಪ್ರಾಣಕ್ಕೆ ಎರವಾಗುವ ಸ್ಪ್ರಿಂಗುಗಳ ಕುರಿತು ಅವರು ಮಾತು ಶುರು ಮಾಡಿದರು. ತಾವು ಕತ್ತರಿ ಹಿಡಿದ ಆ ಕ್ಷಣ ನಿದ್ರಾ ವಿಜ್ಞಾನದಲ್ಲಿ ಎಂಥ ಮಹತ್ವದ್ದು ಎಂಬಲ್ಲಿಗೆ ಮಾತು ತಲುಪಿದಾಗ ನಿದ್ದೆ ಮೇಡಂ ಎದ್ದು ನಿಂತಳು.

"ಆ ದೂರು ಕಳಿಸ್ಬೇಡಿ ಸಾರ್. ಸ್ಪ್ರಿಂಗ್ ತಪ್ಪೇನಿಲ್ಲ. ನಮ್ಮನೆಯವರ ಬೆರಳಿಗೂ ಏನೂ ಆಗಿರ್ಲಿಲ್ಲ, ನಾನು ಸುಳ್ಳು ಹೇಳ್ದೆ. ಆ ರಕ್ತ ನಂದು. ಗಂಡನ ಜೊತೆ ಸೇರಿದ ಮೇಲೆ ಬರ್ತಿತ್ತು. ಭಯಕ್ಕೆ ತೋರಿಸ್ಕೊಂಡಿರ್ಲಿಲ್ಲ. ಈಗ ಡಾಕ್ಟರ್ ಹತ್ರ ತೋರಿಸ್ದೆ. ಏನೂ ತೊಂದರೆ ಇಲ್ಲ ಅಂದ್ರು."

ಹಲ್ಲುಕಡ್ಡಿಯ ಆಳು ಕಡ್ಡಿ ಕಚ್ಚುವುದನ್ನು ನಿಲ್ಲಿಸಿ, ತನಗೆ ಬಹಳ ಬೇಕಾದದ್ದೇನೋ ಸೂರಿನಲ್ಲಿದೆ ಎಂಬಂತೆ ಮೇಲೆ ನೋಡಿದ. ದಿಂಬಿನ ವಿಭಾಗದವನು ದಿಂಬನ್ನು ಮಡಿಲಿಗೆ ಎಳೆದುಕೊಂಡ. ಕ್ಯಾಶಿನಲ್ಲಿ ಕೂರುವ ಹೆಂಗಸು, ಸಭೆಯಲ್ಲಿ ಎಂದೂ ತಲೆ ಎತ್ತದವಳು, ತಲೆ ಎತ್ತಿ ಸಣ್ಣ ದನಿಯಲ್ಲಿ ಕೇಳಿದಳು: "ಆ ಡಾಕ್ಟರಮ್ಮ ಸಂಜೆನೂ ಇರ್ತಾರಾ?"

"ಇರ್ತಾರೆ. ನಾನೇ ಬರ್ತೀನಿ ಜೊತೆಗೆ."

ಮಾಲೀಕರು ಕೆಂಪಾದರು, ಕೆಮ್ಮಿದರು, ಟೈ ಸರಿಮಾಡಿಕೊಂಡರು. ಆದರೆ ತಜ್ಞರಾದವರು ಎಂಥ ಸಂದರ್ಭದಲ್ಲೂ ತಮ್ಮ ಶಾಸ್ತ್ರವನ್ನು ಕೈಬಿಡಬಾರದು. ದೂರಿನ ಹಾಳೆಯನ್ನು ಮಗುಚಿ, ಪೆನ್ನಿನ ಮುಚ್ಚಳ ತೆಗೆದು, ಅನುಭವ ಬರೆದುಕೊಳ್ಳುವ ಭಂಗಿಗೆ ಮರಳಿದರು.

"ಸಂತೋಷ ಅಮ್ಮ, ಬಹಳ ಸಂತೋಷ. ಅಂದ ಹಾಗೆ, ಅಷ್ಟೊಂದು ಪರೀಕ್ಷೆ ಮಾಡಿದ್ರಲ್ಲ, ಆ ಡಾಕ್ಟರ್ ನಮ್ಮ ಮೇರುದಂಡದ ಬಗ್ಗೆ ಏನಂದ್ರು? ಗಟ್ಟಿ ಜಾಸ್ತಿ ಆಯ್ತು ಅಂದ್ರಾ, ಸರಿಯಾಗಿದೆ ಅಂದ್ರಾ?"

"ಡಾಕ್ಟರ್ ನೋಡಿದ್ದು ನನ್ನ ಗರ್ಭಕೋಶದ ಬಾಯಿ ಸಾರ್, ನಿಮ್ಮ ಹಾಸಿಗೆ ಅಲ್ಲ."